ಗುಡ್ಡಗಾಡಿನಲ್ಲಿ ಗುಂಪಾಗಿ ಸೈಕಲ್ ಪ್ರವಾಸ: ಕೊನೆಯವರನ್ನು ನೋಡಿ ಲೆಕ್ಕ ಹಾಕಿ

ಬಯಲಿನಲ್ಲಿ ದಿನಕ್ಕೆ 100 ಕಿ.ಮೀ. ತುಳಿಯುವ ಗುಂಪು ಬೆಟ್ಟದ ದಾರಿಯಲ್ಲೂ ಅಷ್ಟೇ ಹೋಗುತ್ತೇವೆಂದು ಹೊರಟರೆ ಎರಡನೇ ದಿನಕ್ಕೇ ಕಾಲು ಸೋಲುತ್ತದೆ. ಇಲ್ಲಿ ದೂರಕ್ಕಿಂತ ಏರಿನ ಲೆಕ್ಕ ಮುಖ್ಯ. ಸಾಮಾನು ಹೇರಿದ ಸೈಕಲ್ಲಿನಲ್ಲಿ ಸಾಧಾರಣ ಸವಾರರು ಗಂಟೆಗೆ 300ರಿಂದ 400 ಮೀಟರ್ ಎತ್ತರ ಏರಬಲ್ಲರು. ದಿನದ ಒಟ್ಟು ಏರು 1,200 ಮೀಟರ್ ಎಂದಾದರೆ ಏರಿಗೇ ಮೂರು-ನಾಲ್ಕು ಗಂಟೆ ಹೋಯಿತು. ಮೊದಲ ದಿನ 50-60 ಕಿ.ಮೀ., 800 ಮೀಟರ್ ಏರು ಸಾಕು. ಮ್ಯಾಪ್ ತೋರಿಸುವ ಸರಾಸರಿಯನ್ನು ನಂಬಿ ಕೂರಬೇಡಿ. 5 ಕಿ.ಮೀ.ಗೆ 250 ಮೀಟರ್, ಅಂದರೆ ಶೇ. 5ರ ಏರು ಎಂದು ಕಾಣುವ ರಸ್ತೆಯ ನಡುವೆ ಒಂದು ಕಿ.ಮೀ. ಶೇ. 11 ಇರಬಹುದು. ಇಳಿದು ತಳ್ಳಬೇಕಾಗುವುದು ಅಲ್ಲೇ.

ಗೇರಿನ ವಿಷಯದಲ್ಲಿ ಹಮ್ಮು ಬೇಡ. ಮುಂದೆ, ಪೆಡಲಿನ ಬಳಿಯ ಹಲ್ಲುಚಕ್ರಕ್ಕೆ 34 ಹಲ್ಲು, ಹಿಂದಿನ ಗಾಲಿಯ ಅತಿ ದೊಡ್ಡ ಹಲ್ಲುಚಕ್ರಕ್ಕೂ 34 ಹಲ್ಲು ಇದ್ದರೆ ಪೆಡಲ್ ಒಂದು ಸುತ್ತಿಗೆ ಸೈಕಲ್ ಸುಮಾರು 2.1 ಮೀಟರ್ ಮುಂದೆ ಹೋಗುತ್ತದೆ. ನಿಮಿಷಕ್ಕೆ 60 ಸುತ್ತು ತುಳಿದರೆ ಗಂಟೆಗೆ ಏಳೂವರೆ ಕಿ.ಮೀ. ಶೇ. 8ರ ಏರಿನಲ್ಲಿ ಚೀಲ ಹೊತ್ತು ಈ ವೇಗವನ್ನು ಗಂಟೆಗಟ್ಟಲೆ ಹಿಡಿದಿಡಲು ಹೆಚ್ಚಿನವರಿಗೆ ಆಗದು; ತುಳಿತ ನಿಧಾನವಾಗಿ ಭಾರವೆಲ್ಲ ಮಂಡಿಗೆ ಬೀಳುತ್ತದೆ. ಮುಂದೆ 30, ಹಿಂದೆ 36 ಇದ್ದರೆ ಉಸಿರಾಡಲು ಜಾಗ ಸಿಗುತ್ತದೆ.

ಬಿಡಿಭಾಗಗಳಲ್ಲಿ ಟ್ಯೂಬು, ಪ್ಯಾಚು, ಪಂಪು, ಚೈನ್ ಕಟರ್‌ಗಳನ್ನು ಗುಂಪು ಹಂಚಿಕೊಳ್ಳಬಹುದು. ಬ್ರೇಕ್ ಪ್ಯಾಡು, ತುಂಡಾದ ಚೈನನ್ನು ಜೋಡಿಸುವ ಕ್ವಿಕ್ ಲಿಂಕ್, ಹ್ಯಾಂಗರ್ ಮಾತ್ರ ಪ್ರತಿಯೊಬ್ಬರೂ ತಮ್ಮ ಸೈಕಲ್ಲಿಗೆ ಹೊಂದುವುದನ್ನೇ ತರಬೇಕು. ಚೈನನ್ನು ಸರಿಸಿ ಗೇರು ಬದಲಿಸುವ ಹಿಂದಿನ ಡಿರೇಲರನ್ನು ಫ್ರೇಮಿಗೆ ಕೂರಿಸುವ ಪುಟ್ಟ ಅಲ್ಯೂಮಿನಿಯಂ ತುಂಡೇ ಹ್ಯಾಂಗರ್. ಸೈಕಲ್ ಬಲಕ್ಕೆ ಬಿದ್ದರೆ ಅದು ಒಳಕ್ಕೆ ಬಾಗುತ್ತದೆ. ಸಮತಟ್ಟಿನಲ್ಲಿ ಏನೂ ಗೊತ್ತಾಗುವುದಿಲ್ಲ. ಕಡಿದಾದ ಏರಿನಲ್ಲಿ ಹಿಂದಿನ ದೊಡ್ಡ ಹಲ್ಲುಚಕ್ರಕ್ಕೆ ಗೇರು ಬದಲಿಸಿದ ತಕ್ಷಣ ಡಿರೇಲರ್ ಚಕ್ರದ ಕಡ್ಡಿಗಳ ನಡುವೆ ಸಿಕ್ಕಿ ಚಕ್ರವೇ ನಿಂತುಬಿಡುತ್ತದೆ. ಆದ್ದರಿಂದ ಸೈಕಲ್ ಬಿದ್ದಾಗಲೆಲ್ಲ ಹಿಂಬದಿ ನಿಂತು ನೋಡಿ: ಡಿರೇಲರಿನ ಎರಡು ಪುಟ್ಟ ಗಾಲಿಗಳೂ ಮೇಲಿನ ಹಲ್ಲುಚಕ್ರದ ನೇರಕ್ಕೇ ಇರಬೇಕು. ಓರೆ ಕಂಡರೆ ದೊಡ್ಡ ಹಲ್ಲುಚಕ್ರಕ್ಕೆ ಹೋಗಲೇಬೇಡಿ, ಮೊದಲು ಹ್ಯಾಂಗರ್ ಬದಲಿಸಿ.

ಏರಿನಲ್ಲಿ ಒಟ್ಟಿಗೆ ಇರಲು ಹಟ ಹಿಡಿಯಬಾರದು. ಅಷ್ಟು ಕಡಿಮೆ ವೇಗದಲ್ಲಿ ಇನ್ನೊಬ್ಬರ ಹಿಂದೆ ಗಾಳಿಮರೆ ಪಡೆದು ಪ್ರಯೋಜನವಿಲ್ಲ. ಬೇರೆಯವರ ಲಯಕ್ಕೆ ತುಳಿದರೆ ಇಬ್ಬರಿಗೂ ಸುಸ್ತು. ಅವರವರ ವೇಗದಲ್ಲಿ ಹತ್ತಿ ತುದಿಯಲ್ಲಿ ಸೇರಿ. ಕವಲು ಬಂದಲ್ಲೆಲ್ಲ ಹಿಂದಿನವರು ಕಣ್ಣಿಗೆ ಬೀಳುವವರೆಗೆ ಒಬ್ಬರು ನಿಲ್ಲಲೇಬೇಕು. ಪಂಪು, ಸಲಕರಣೆ, ಪ್ರಥಮ ಚಿಕಿತ್ಸೆಯ ಚೀಲ ಕಟ್ಟಕಡೆಯ ಅನುಭವಿ ಸವಾರರ ಬಳಿ ಇರಲಿ, ಯಾಕೆಂದರೆ ಕೆಟ್ಟು ನಿಂತವರನ್ನು ದಾಟಿ ಬರುವವರು ಅವರೇ.

ಬಹುತೇಕ ಗುಂಪುಗಳು ತಪ್ಪುವುದು ತುದಿಯಲ್ಲಿ. ಮೊದಲು ತಲುಪಿದವರು ಇಪ್ಪತ್ತು ನಿಮಿಷ ಕೂತಿರುತ್ತಾರೆ, ಕೊನೆಯವರು ಬಂದ ಕೂಡಲೇ ‘ಹೊರಡೋಣ’ ಎನ್ನುತ್ತಾರೆ. ಅತಿ ಹೆಚ್ಚು ದಣಿದವರಿಗೆ ಅತಿ ಕಡಿಮೆ ವಿಶ್ರಾಂತಿ! ಹೀಗೆ ಮೂರು ಏರು ಕಳೆದರೆ ಅವರು ಆ ದಿನ ಮುಗಿಸುವುದು ಕಷ್ಟ. ಕೊನೆಯವರು ಬಂದ ಮೇಲೆ ಹತ್ತು ನಿಮಿಷ ಎಣಿಸಿ. ಅವರು ನೀರು ಕುಡಿದು, ಏನಾದರೂ ತಿಂದು, ಜಾಕೆಟ್ ಹಾಕಿಕೊಳ್ಳಲಿ. ಬೆವರಿದ ಮೈಗೆ ಇಳಿಜಾರಿನ ಗಾಳಿ ತಾಗಿದರೆ ಬೆರಳು ಮರಗಟ್ಟಿ ಬ್ರೇಕು ಹಿಡಿಯಲೂ ಆಗುವುದಿಲ್ಲ. ನೀರಂತೂ ಗಂಟೆಗೆ ಅರ್ಧ ಲೀಟರಿಗೆ ಕಡಿಮೆಯಾಗದಿರಲಿ, ಬಿಸಿಲಿದ್ದರೆ ಮುಕ್ಕಾಲು.

ಇಳಿಯುವಾಗ ಮುಂದಿನವರಿಂದ ಕನಿಷ್ಠ ಐದು ಸೆಕೆಂಡಿನ ಅಂತರ ಬೇಕು, 40 ಕಿ.ಮೀ. ವೇಗದಲ್ಲಿ ಅದು ಸುಮಾರು 55 ಮೀಟರ್. ರಸ್ತೆ ಒದ್ದೆಯಿದ್ದರೆ ಎರಡರಷ್ಟು. ಬ್ರೇಕನ್ನು ಸವರುತ್ತಲೇ ಇರಬೇಡಿ: ರಿಮ್ ಬ್ರೇಕಾದರೆ ರಿಮ್ ಕಾದು ಟ್ಯೂಬು ಸಿಡಿಯಬಹುದು, ಡಿಸ್ಕಾದರೆ ಪ್ಯಾಡು ಹಿಡಿತ ಕಳೆದುಕೊಳ್ಳುತ್ತದೆ. ಗಟ್ಟಿಯಾಗಿ ಒತ್ತಿ ವೇಗ ಇಳಿಸಿ, ಪೂರ್ತಿ ಬಿಡಿ, ಮತ್ತೆ ಒತ್ತಿ. ತಿರುವಿಗೆ ಮೊದಲೇ ವೇಗ ತಗ್ಗಿರಬೇಕು.

ಇಳಿದ ಮೇಲೆ ತಲೆ ಎಣಿಸಿ. ಐದು ನಿಮಿಷವಾದರೂ ಒಬ್ಬರು ಬರದಿದ್ದರೆ ಇಬ್ಬರು ಮೇಲಕ್ಕೆ ಹೋಗಿ, ತಿರುವುಗಳ ಅಂಚಿನ ಕೆಳಗೂ ನೋಡುತ್ತ ಸಾಗಲಿ. ಉಳಿದವರು ಅಲ್ಲೇ ಇರಲಿ.