ಫೋನ್ ನಮ್ಮ ಬಗ್ಗೆ ಚಾಡಿ ಹೇಳೋದನ್ನ ಕಮ್ಮಿ ಮಾಡೋದು ಹೇಗೆ

"ನಂದೇನು ಮುಚ್ಚಿಡೋದಿದೆ, ನೋಡಿದ್ರೆ ನೋಡ್ಲಿ ಬಿಡಿ" ಅನ್ನೋರ ಜೊತೆ ನಾನು ವಾದಕ್ಕೆ ಇಳಿಯಲ್ಲ. ಮ್ಯಾಪ್ ಆ್ಯಪ್ ತೆಗೆದು ಹಳೇ ಓಡಾಟದ ಹಿಸ್ಟರಿ ನೋಡಿ ಅಂತೀನಿ ಅಷ್ಟೇ. ನಂದು ಮೊದಲನೇ ಸಲ ತೆಗೆದಾಗ ಎರಡು ವರ್ಷ ಹಿಂದಿನ ಒಂದು ಮಧ್ಯಾಹ್ನ ಸಿಕ್ತು, ಆಸ್ಪತ್ರೆ ಒಳಗೆ ಹೋಗಿದ್ದು 2:10ಕ್ಕೆ, ಹೊರಗೆ ಬಂದಿದ್ದು 4:35ಕ್ಕೆ, ಮಧ್ಯದಲ್ಲಿ ಮೆಡಿಕಲ್ ಸ್ಟೋರ್‌ಗೆ ನಡ್ಕೊಂಡು ಹೋಗಿದ್ದು ಕೂಡ. ಮನೆಲಿ ಯಾರಿಗೂ ಹೇಳಿರ್ಲಿಲ್ಲ ಅದನ್ನ. ನಾನೇ ಮರ್ತಿದ್ದೆ.

ಸೆಟ್ಟಿಂಗ್ಸ್‌ಗೆ ಹೋಗೋಕೆ ಮುಂಚೆ ಒಂದು ವಿಷಯ ತಲೆಲಿ ಕೂರ್ಬೇಕು, ಇಲ್ಲಾಂದ್ರೆ ಯಾವುದನ್ನ ಆಫ್ ಮಾಡ್ಬೇಕು ಯಾವುದನ್ನ ಬಿಡ್ಬೇಕು ಅನ್ನೋದು ಗೊತ್ತಾಗಲ್ಲ. ಕಂಪನಿ ನೋಡೋದು ಬೇರೆ, ಸರ್ಕಾರ ನೋಡೋದು ಬೇರೆ ಅಂತ ನಾವು ಅಂದ್ಕೊಂಡಿರ್ತೀವಿ, ಆದ್ರೆ ಎಷ್ಟೋ ಸಲ ಉಗ್ರಾಣ ಒಂದೇ, ಬಾಗಿಲು ಎರಡು. 2013ರಲ್ಲಿ, ಅಮೆರಿಕದ ಬೇಹುಗಾರಿಕೆ ಸಂಸ್ಥೆ ಎನ್‌ಎಸ್‌ಎಗೆ ಕೆಲಸ ಮಾಡಿದ್ದ ಎಡ್ವರ್ಡ್ ಸ್ನೋಡೆನ್ ಹೊರಗೆ ಹಾಕಿದ ದಾಖಲೆಗಳಲ್ಲಿ ಪ್ರಿಸಂ ಅನ್ನೋ ಕಾರ್ಯಕ್ರಮ ಇತ್ತಲ್ಲ, ಅದರಲ್ಲಿ ಅಮೆರಿಕದ ಎನ್‌ಎಸ್‌ಎಗೆ ಮಾಹಿತಿ ಬರ್ತಿದ್ದಿದ್ದು ದೊಡ್ಡ ಟೆಕ್ ಕಂಪನಿಗಳಿಂದಾನೇ. ಆಮೇಲೆ 2018ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಕಾರ್ಪೆಂಟರ್ ಕೇಸಲ್ಲಿ, ಒಬ್ಬನ ಮೊಬೈಲ್ ಎಲ್ಲೆಲ್ಲಿ ಓಡಾಡಿದೆ ಅನ್ನೋ ಹಳೇ ಟವರ್ ದಾಖಲೆ ಬೇಕಂದ್ರೆ ಪೊಲೀಸರು ಸಾಮಾನ್ಯವಾಗಿ ವಾರಂಟ್ ತರ್ಬೇಕು ಅಂತು. ಸರ್ಕಾರಿ ಏಜೆನ್ಸಿಗಳು ಏನ್ಮಾಡಿದ್ವು ಗೊತ್ತಾ? ಆ್ಯಪ್‌ಗಳಿಂದ ಸೋರಿದ ಲೊಕೇಶನ್ ಡೇಟಾನ, ಅದನ್ನ ಕೊಂಡು ಮಾರೋ ಬ್ರೋಕರ್‌ಗಳ ಹತ್ರ ದುಡ್ಡು ಕೊಟ್ಟು ತಗೊಂಡ್ವು. ಅಂಗಡಿಲಿ ಸಿಗೋದಕ್ಕೆ ವಾರಂಟ್ ಯಾಕೆ ಅನ್ನೋ ಲೆಕ್ಕ.

ಹಂಗಾಗಿ ನಮ್ಮ ಕೆಲಸ ಉಗ್ರಾಣಕ್ಕೆ ಬೀಗ ಹಾಕೋದಲ್ಲ, ಅದರ ಬೀಗದ ಕೈ ನಮ್ಮ ಹತ್ರ ಇಲ್ಲ. ಒಳಗೆ ಹೋಗೋ ಮೂಟೆ ಕಮ್ಮಿ ಮಾಡೋದು.

ಮೊದಲು ಅಡ್ವರ್ಟೈಸಿಂಗ್ ಐಡಿ. ಇದು ನಿಮ್ಮ ಫೋನಿಗೆ ಅಂಟಿಸಿರೋ ಒಂದು ಉದ್ದದ ನಂಬರು, ಬೇರೆ ಬೇರೆ ಆ್ಯಪ್‌ಗಳಿಗೆ "ಇದು ಅದೇ ಆಸಾಮಿ" ಅಂತ ಗುರುತು ಸಿಗೋದು ಇದ್ರಿಂದ, ಬ್ರೋಕರ್ ಲೊಕೇಶನ್ ಮಾರುವಾಗ ಹೆಸರು ಇಲ್ದಿದ್ರೂ ಈ ನಂಬರ್ ಇರತ್ತೆ, ರಾತ್ರಿ ಪೂರ್ತಿ ಎಲ್ಲಿರತ್ತೆ, ಹಗಲು ಎಲ್ಲಿರತ್ತೆ ನೋಡಿದ್ರೆ ಮನೆ ಯಾವುದು ಆಫೀಸ್ ಯಾವುದು ಗೊತ್ತಾಯ್ತು, ಹೆಸರು ತಾನಾಗೇ ಸಿಕ್ತು. ಆಂಡ್ರಾಯ್ಡಲ್ಲಿ ಸೆಟ್ಟಿಂಗ್ಸ್, ಪ್ರೈವೆಸಿ, ಆ್ಯಡ್ಸ್, ಡಿಲೀಟ್ ಅಡ್ವರ್ಟೈಸಿಂಗ್ ಐಡಿ. ಕೆಲವು ಫೋನಲ್ಲಿ ಜಾಗ ಬೇರೆ ಇರತ್ತೆ, ಸೆಟ್ಟಿಂಗ್ಸ್ ಸರ್ಚಲ್ಲಿ ಆ್ಯಡ್ಸ್ ಅಂತ ಹೊಡೀರಿ. ಐಫೋನಲ್ಲಿ ಪ್ರೈವೆಸಿ ಆ್ಯಂಡ್ ಸೆಕ್ಯುರಿಟಿ ಒಳಗೆ ಟ್ರ್ಯಾಕಿಂಗ್, ಅಲ್ಲಿ ಆ್ಯಪ್‌ಗಳು ಕೇಳೋದನ್ನೇ ಆಫ್ ಮಾಡಿ. ಇಷ್ಟು ಚಿಕ್ಕ ಬಟನ್ನಿಂದ ಏನಾಗತ್ತೆ ಅನ್ಸಿದ್ರೆ ಕೇಳಿ, ಆ್ಯಪಲ್ 2021ರಲ್ಲಿ ಪರ್ಮಿಶನ್ ಕೇಳೋದು ಕಡ್ಡಾಯ ಮಾಡಿದ್ಮೇಲೆ, 2022ರಲ್ಲಿ ಇದ್ರಿಂದ ಸುಮಾರು 1000 ಕೋಟಿ ಡಾಲರ್ ಆದಾಯ ಹೋಗತ್ತೆ ಅಂತ ಫೇಸ್‌ಬುಕ್ ನಡೆಸೋ ಮೆಟಾ ಕಂಪನಿಯೇ ಹೇಳ್ಕೊಂಡಿತ್ತು.

ಎರಡನೇದು ಲೊಕೇಶನ್ ಪರ್ಮಿಶನ್. ಪರ್ಮಿಶನ್ ಮ್ಯಾನೇಜರ್ ತೆಗೆದು "ಯಾವಾಗ್ಲೂ" ಅಂತ ಯಾರಿಗೆ ಕೊಟ್ಟಿದೀರ ನೋಡಿ, ಹೆಚ್ಚುಕಮ್ಮಿ ಎಲ್ಲಾನೂ "ಬಳಸುವಾಗ ಮಾತ್ರ" ಮಾಡಿ, ಹವಾಮಾನದ ಆ್ಯಪ್‌ಗೆ ನೀವು ಯಾವ ಊರಲ್ಲಿದೀರ ಗೊತ್ತಾದ್ರೆ ಸಾಕು, ಯಾವ ರೂಮಲ್ಲಿದೀರ ಅಂತ ಬೇಡ, ಆದ್ರಿಂದ ಪ್ರಿಸೈಸ್ ಲೊಕೇಶನ್ ಆಫ್. ಟಾರ್ಚ್ ಆ್ಯಪ್ ಕೂಡ ಬಿಡಲ್ಲ ಇವರು: ಬ್ರೈಟೆಸ್ಟ್ ಫ್ಲ್ಯಾಶ್‌ಲೈಟ್ ಅನ್ನೋ ಆ್ಯಪ್ ಜನರ ಲೊಕೇಶನ್ನ ಜಾಹೀರಾತು ಕಂಪನಿಗಳಿಗೆ ಕೊಡ್ತಿತ್ತು ಅಂತ 2013ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಹಿಡೀತು. ಲೈಟ್ ಹಚ್ಚೋಕೆ ವಿಳಾಸ ಯಾಕಪ್ಪಾ.

ಮೂರನೇದು ಗೂಗಲ್ ಅಕೌಂಟ್. ಡೇಟಾ ಆ್ಯಂಡ್ ಪ್ರೈವೆಸಿ ಒಳಗೆ ವೆಬ್ ಆ್ಯಂಡ್ ಆ್ಯಪ್ ಆ್ಯಕ್ಟಿವಿಟಿ, ಯೂಟ್ಯೂಬ್ ಹಿಸ್ಟರಿ, ಎರಡಕ್ಕೂ ಆಟೋ ಡಿಲೀಟ್ 3 ತಿಂಗಳಿಗೆ ಇಡಿ, ಇಲ್ಲಾಂದ್ರೆ ಪೂರ್ತಿ ಆಫ್. ಅಲ್ಲೇ ಹಳೇದನ್ನ ಅಳಿಸೋ ಬಟನ್ನೂ ಇದೆ, ಅದನ್ನ ಒತ್ತದೇ ಬರಬೇಡಿ.

ಮೆಸೇಜ್ ವಿಷಯಕ್ಕೆ ಬರೋಣ, ಇಲ್ಲಿ ಜಾಸ್ತಿ ಜನ ಎಡವೋದು. ವಾಟ್ಸ್ಯಾಪಲ್ಲಿ 2016ರಿಂದ ಎಂಡ್ ಟು ಎಂಡ್ ಎನ್‌ಕ್ರಿಪ್ಷನ್ ಇದೆ, ಬರೆದಿದ್ದನ್ನ ದಾರಿಲಿ ಯಾರೂ ಓದೋಕಾಗಲ್ಲ, ಸರಿ. ಆದ್ರೆ ಮುಂಬಾಗಿಲಿಗೆ ಮೂರು ಚಿಲಕ ಹಾಕಿ ಹಿತ್ತಲ ಬಾಗಿಲು ತೆಗೆದಿಟ್ಟ ಹಾಗೆ ಬ್ಯಾಕಪ್ ಸುಮ್ನೆ ಕ್ಲೌಡಲ್ಲಿ ಬಿದ್ದಿರತ್ತೆ. ಚಾಟ್ ಬ್ಯಾಕಪ್ ಒಳಗೆ ಎನ್‌ಕ್ರಿಪ್ಟೆಡ್ ಬ್ಯಾಕಪ್ ಆನ್ ಮಾಡಿ, ಪಾಸ್‌ವರ್ಡ್ ಹಾಕಿದ್ರೆ ಎಲ್ಲಾದ್ರೂ ಬರೆದಿಡಿ, ಅದು ಕಳೆದೋದ್ರೆ ಬ್ಯಾಕಪ್ ಹೋಯ್ತು ಅಂತಾನೇ. ನೀವು ಮಾಡಿ ಎದುರಿನವರು ಮಾಡದಿದ್ರೆ ಅವರ ಬ್ಯಾಕಪಲ್ಲಿ ನಿಮ್ಮ ಮಾತು ಇದ್ದೇ ಇರತ್ತೆ, ಅವರಿಗೂ ಹೇಳಿ. ಇನ್ನೊಂದು, ಏನು ಮಾತಾಡಿದ್ರಿ ಅನ್ನೋದು ಮುಚ್ಚಿದ್ರೂ ಯಾರ ಜೊತೆ, ಯಾವಾಗ ಅನ್ನೋದು ಕಂಪನಿಗೆ ಕಾಣತ್ತೆ. ಇದೂ ಬೇಡ ಅನ್ನೋರಿಗೆ ಸಿಗ್ನಲ್ ಅನ್ನೋ ಮೆಸೇಜ್ ಆ್ಯಪ್. 2016ರಲ್ಲಿ ಅಮೆರಿಕದ ಗ್ರ್ಯಾಂಡ್ ಜ್ಯೂರಿಯಿಂದ ಮಾಹಿತಿ ಕೊಡಿ ಅಂತ ಆದೇಶ ಬಂದಾಗ ಅವರ ಹತ್ರ ಕೊಡೋಕೆ ಇದ್ದಿದ್ದು ಎರಡೇ, ಅಕೌಂಟ್ ಶುರುವಾದ ಸಮಯ ಮತ್ತು ಕೊನೇ ಸಲ ಕನೆಕ್ಟ್ ಆದ ದಿನ. ಮೂಟೆನೇ ಒಳಗೆ ಹೋಗದ ಖಾಲಿ ಉಗ್ರಾಣ ಅಂದ್ರೆ ಇದೇ.

ನಮ್ಮ ಇಂಟರ್ನೆಟ್ ಓಡಾಟನ ಬೇರೆ ಕಂಪನಿ ಸರ್ವರ್ ಮೂಲಕ ಕಳಿಸೋ ವಿಪಿಎನ್ ಹಾಕ್ಬೇಕಾ ಅಂತ ಎಲ್ಲರೂ ಕೇಳ್ತಾರೆ. ಇಂಟರ್ನೆಟ್ ಕೊಡೋನು ನೋಡ್ತಿದ್ದಿದ್ದನ್ನ ಈಗ ವಿಪಿಎನ್ ಕೊಡೋನು ನೋಡ್ತಾನೆ, ಮುಖ್ಯ ವ್ಯತ್ಯಾಸ ಅಷ್ಟೇ, ಫ್ರೀ ವಿಪಿಎನ್ ಅಂತೂ ಮುಟ್ಟಬೇಡಿ. ಅದರ ಬದಲು ಫೈರ್‌ಫಾಕ್ಸಲ್ಲಿ ಜಾಹೀರಾತು, ಟ್ರ್ಯಾಕರ್ ತಡೆಯೋ ಯುಬ್ಲಾಕ್ ಒರಿಜಿನ್ ಹಾಕಿ.

ಇನ್ನು ರಾಜಕೀಯ. ಚುನಾವಣಾ ಪ್ರಚಾರಕ್ಕೆ ಅಂತ ಜನರ ಫೇಸ್‌ಬುಕ್ ಡೇಟಾ ತಗೊಂಡಿದ್ದ ಕೇಂಬ್ರಿಡ್ಜ್ ಅನಲಿಟಿಕಾ ಕಂಪನಿ ಕಥೆ 2018ರಲ್ಲಿ ಹೊರಗೆ ಬಂತು, ವ್ಯಕ್ತಿತ್ವದ ಕ್ವಿಜ್ ಆ್ಯಪ್ ಹಾಕ್ಕೊಂಡವರು ಸುಮಾರು 2.7 ಲಕ್ಷ ಜನ, ಡೇಟಾ ಹೋಗಿದ್ದು 8.7 ಕೋಟಿ ಜನರದ್ದು ಇರಬಹುದು ಅಂತ ಫೇಸ್‌ಬುಕ್ಕೇ ಒಪ್ಕೊಳ್ತು, ಯಾಕಂದ್ರೆ ಫ್ರೆಂಡ್ಸ್ ಲಿಸ್ಟೂ ಜೊತೆಗೇ ಹೋಗ್ತಿತ್ತು. 2019ರಲ್ಲಿ ಫೇಸ್‌ಬುಕ್‌ಗೆ ಬಿದ್ದ ದಂಡ 500 ಕೋಟಿ ಡಾಲರ್. ನಿಮ್ಮ ಫೇಸ್‌ಬುಕ್ ಅಕೌಂಟಲ್ಲಿ ಆ್ಯಪ್ಸ್ ಆ್ಯಂಡ್ ವೆಬ್‌ಸೈಟ್ಸ್ ತೆಗೆದು ಯಾವ್ಯಾವ ಕಾಲದ ಕ್ವಿಜ್, ಗೇಮ್ ಇನ್ನೂ ನೇತಾಡ್ತಿದೆ ನೋಡಿ ಕಿತ್ತಾಕಿ. ಆಮೇಲೆ ತಿರುಗಿ ನೋಡೋದನ್ನೂ ಕಲೀರಿ: ಮೆಟಾ ಆ್ಯಡ್ ಲೈಬ್ರರಿಲಿ ಒಂದು ಪಕ್ಷದ ಪೇಜ್ ಹೆಸರು ಹಾಕಿದ್ರೆ ಯಾವ ಜಾಹೀರಾತಿಗೆ ಸುಮಾರು ಎಷ್ಟು ಖರ್ಚು, ಯಾವ ವಯಸ್ಸಿನವರಿಗೆ ತೋರಿಸಿದ್ರು ಅನ್ನೋದು ಬಹಳಷ್ಟು ದೇಶಗಳಲ್ಲಿ ಸಿಗತ್ತೆ. ಒಂದೇ ಪಕ್ಷ ಹುಡುಗರಿಗೆ ಒಂದು ಮಾತು, ವಯಸ್ಸಾದವರಿಗೆ ಇನ್ನೊಂದು ಮಾತು ಹೇಳ್ತಿದ್ಯಾ ಅಂತ ಅಲ್ಲೇ ಕೂತು ಹೋಲಿಸಬಹುದು. ಕಂಪನಿಗಳು ಕಾನೂನು ಮಾಡೋರ ಹಿಂದೆ ಎಷ್ಟು ಸುರೀತಾವೆ ಅಂತ ನೋಡೋಕೆ ಅಮೆರಿಕದ್ದು ಓಪನ್ ಸೀಕ್ರೆಟ್ಸ್ ಅನ್ನೋ ವೆಬ್‌ಸೈಟಲ್ಲಿ, ಯುರೋಪಿಂದು ಇಯು ಟ್ರಾನ್ಸ್‌ಪರೆನ್ಸಿ ರಿಜಿಸ್ಟರಲ್ಲಿ ಇದೆ.

ಪತ್ರಕರ್ತರು, ಹೋರಾಟದಲ್ಲಿರೋರು ಇಷ್ಟಕ್ಕೇ ನಿಲ್ಲಿಸಬೇಡಿ, ಫೋನ್ ಒಳಗೇ ಕೂತು ಗೂಢಚರ್ಯೆ ಮಾಡೋ ಪೆಗಾಸಸ್ ಥರದ ಸಾಫ್ಟ್‌ವೇರ್ ಬಂದ್ರೆ ಮೇಲಿನ ಯಾವುದೂ ತಡೆಯಲ್ಲ, ಐಫೋನ್ ಇದ್ರೆ ಲಾಕ್‌ಡೌನ್ ಮೋಡ್ ಆನ್ ಮಾಡಿ, ಅಪ್‌ಡೇಟ್ ಬಂದ ದಿನಾನೇ ಹಾಕಿ.

ಹೊಸ ಫೋನ್ ತಗೊಂಡ್ರೆ ಅಡ್ವರ್ಟೈಸಿಂಗ್ ಐಡಿಯಿಂದ ಮತ್ತೆ ಶುರು. ನಾನು ಕಳೆದ ಸಲ ಮರ್ತು, ಐದು ತಿಂಗಳಾದ್ಮೇಲೆ ನೋಡಿದ್ರೆ ಅದು ಆರಾಮಾಗಿ ಅಲ್ಲೇ ಕೂತಿತ್ತು.