ತಟ್ಟೆ ನೀರು ನೋಡಿ ವಾಪಸ್ ಹೊರಡುವ ಹೊತ್ತು ಗೊತ್ತುಮಾಡಿದ್ದು

ಏಪ್ರಿಲ್‌ನಲ್ಲಿ ಮನಾಲಿ ಮೇಲಿನ ಬಿಯಾಸ್ ಕುಂಡ್ ಕಡೆ ಚಾರಣದ ಗುಂಪು ಕರೆದೊಯ್ಯುವವರಿಗೆ ಬೀಕನ್ (ಹಿಮದಡಿ ಸಿಕ್ಕವರನ್ನು ಪತ್ತೆಹಚ್ಚುವ ರೇಡಿಯೋ ಸಾಧನ), ಪ್ರೋಬ್ (ಹಿಮಕ್ಕೆ ಚುಚ್ಚಿ ಹುಡುಕುವ ಉದ್ದ ಕೋಲು), ಸಲಿಕೆ ಬಗ್ಗೆ ಹೇಳಬೇಕಾಗಿಲ್ಲ. ರಾತ್ರಿ ಗಟ್ಟಿಯಾದ ಹಿಮ ಬಿಸಿಲಿಗೆ ಸಡಿಲಾಗಿ ಕುಸಿಯುವ ಮೊದಲು ಇಳಿಜಾರನ್ನು ಎಷ್ಟು ಗಂಟೆಗೆ ಬಿಡಬೇಕು ಅನ್ನೋದಷ್ಟೇ ಇಲ್ಲಿನ ವಿಷಯ. "ಊಟದ ತಟ್ಟೆ ಇಟ್ಟು ಅವಲಾಂಚ್ (ಹಿಮಕುಸಿತ) ಹೇಳ್ತೀರಾ ಸಾರ್?" ಅಂತ ನಕ್ಕವರೇ ಈಗ ರಾತ್ರಿ ತಟ್ಟೆ ಇಡುತ್ತಿದ್ದಾರೆ.

ಮೊದಲು ಕೈಕೊಟ್ಟಿದ್ದು ಮೊಬೈಲ್‌ನ ಹವಾಮಾನ. ಮನಾಲಿ ಇರೋದು ಸುಮಾರು 2,050 ಮೀಟರ್‌ನಲ್ಲಿ, ನಾವು ತಂಗುವ ಬಕರ್‌ಥಾಚ್ 3,300ರ ಆಸುಪಾಸು. ಸಾವಿರ ಮೀಟರಿಗೆ ಆರೂವರೆ ಡಿಗ್ರಿ ಕಳೆದರೂ ಲೆಕ್ಕ ಕೂಡಲಿಲ್ಲ. ಹಿಮ ಗಟ್ಟಿಯಾಗೋದು ಗಾಳಿಯ ಚಳಿಯಿಂದ ಮಾತ್ರ ಅಲ್ಲ, ತನ್ನ ಬಿಸಿಯನ್ನು ಬರಿಯ ಆಕಾಶಕ್ಕೆ ಬಿಟ್ಟುಕೊಡೋದರಿಂದ. ಚುಕ್ಕಿ ಕಾಣುವ ರಾತ್ರಿ ಗಾಳಿ +2 ಇದ್ದರೂ ಬೆಳಿಗ್ಗೆ ಬೂಟು ಟಕಟಕ ಅನ್ನುತ್ತೆ. ಮೋಡ ಕವಿದರೆ -1 ಇದ್ದರೂ ಹಿಮ ಗಟ್ಟಿಯಾಗದೆ ಹಿಟ್ಟು ಹಿಟ್ಟೇ.

ಆಮೇಲೆ "ಹತ್ತು ಗಂಟೆ ನಿಯಮ", ಅಂದರೆ ಏನೇ ಆದರೂ ಹತ್ತಕ್ಕೆ ಇಳಿಜಾರು ಬಿಡೋದು. ಅದೂ ಸೋತಿತು. ಮೋಡದ ರಾತ್ರಿಯ ಮರುದಿನ ಎಂಟಕ್ಕೇ ಇಳಿಜಾರು ಸಡಿಲ. ಒಣಗಾಳಿಯ ದಿನ ಹನ್ನೊಂದೂವರೆಗೂ ಗಟ್ಟಿ, ನಾವು ಮಾತ್ರ ಸುಮ್ಮನೆ ವಾಪಸ್. ಆಮೇಲೆ ಜನ ದುಡ್ಡು ವಾಪಸ್ ಕೇಳ್ತಾರೆ.

ತಟ್ಟೆಯ ಕ್ರಮ ಹೀಗೆ. ಅಂಚಿರುವ ಸ್ಟೀಲ್ ತಟ್ಟೆ, ಒಂದು ಬೆರಳಿನಷ್ಟು ನೀರು. ಕೆಳಗೆ ಮ್ಯಾಟ್ ತುಂಡು, ಇಲ್ಲದಿದ್ದರೆ ನೆಲ ಲೆಕ್ಕ ಕೆಡಿಸುತ್ತೆ. ಅಡುಗೆ ಟೆಂಟಿನಿಂದ ಹತ್ತು ಹೆಜ್ಜೆ ದೂರ, ಮೇಲೆ ಆಕಾಶ ಪೂರ್ತಿ ತೆರೆದಿರಬೇಕು. ಬೆಳಗಿನ ಜಾವ ನಾಲ್ಕಕ್ಕೆ ಹೆಬ್ಬೆರಳಲ್ಲಿ ಒತ್ತಿ. ತಳದವರೆಗೆ ಗಡ್ಡೆ ಕಟ್ಟಿದ್ದರೆ ಹೊರಡಬಹುದು. ಹಾಲಿನ ಕೆನೆಯಂಥ ಪದರ ಇದ್ದರೆ ಹಿಮದ ಮೇಲೂ ಎರಡು ಮೂರು ಸೆಂಟಿಮೀಟರ್ ಹಪ್ಪಳವೇ, ಎಂಟರೊಳಗೆ ಇಳಿದಿರಬೇಕು. ನೀರು ನೀರಾಗೇ ಇದ್ದರೆ ಚಹಾ ಕುಡಿದು ಮಲಗಿ. ಸಾಲಾಗಿ ಎರಡು ರಾತ್ರಿ ಹಾಗಾದರೆ 30 ಡಿಗ್ರಿ ಮೇಲ್ಪಟ್ಟ ಇಳಿಜಾರಿನ ಕೆಳಗೂ ಹಾಯಬೇಡಿ.

ಆಮೇಲೆ ಹಿಮದ ಮೇಲಿನ ಗಟ್ಟಿ ಪದರವನ್ನು ಚಾಕುವಿನಿಂದ ಕೊಯ್ದು ಅಳೆಯಿರಿ. ಹತ್ತು ಸೆಂಟಿಮೀಟರ್ ಇದ್ದರೆ ನಿರಾಳ. ಕೆಳಗಿನ ಹಿಮ ಹಿಂಡಿದಾಗ ನೀರು ತೊಟ್ಟಿಕ್ಕಿದರೆ ಆ ಪದರ ಬರೀ ಮುಚ್ಚಳ. 350 ರೂಪಾಯಿಯ ಅಡುಗೆ ಥರ್ಮಾಮೀಟರ್ ಇಲ್ಲಿ ಸೋತಿತು: ಒದ್ದೆ ಹಿಮಕ್ಕೂ ಸೊನ್ನೆ, ಇನ್ನೇನು ಒದ್ದೆಯಾಗುವ ಹಿಮಕ್ಕೂ ಸೊನ್ನೆ. ಸುಮಾರು 1,800 ಕೊಟ್ಟ ಇನ್‌ಫ್ರಾರೆಡ್ ಗನ್ ಇನ್ನೂ ಮೋಸ. ಮೇಲ್ಮೈ -9 ತೋರಿಸುತ್ತೆ, ಐದು ಸೆಂಟಿಮೀಟರ್ ಕೆಳಗೆ ರಾಡಿ. ಈಗ ಅದರಲ್ಲಿ ದೋಸೆ ಕಾವಲಿ ನೋಡ್ತೀವಿ.

ನಡೆಯುವ ದಾರಿ ನೆರಳಲ್ಲಿದೆ ಅಂತ ಮೈಮರೆಯಬೇಡಿ. ತಲೆ ಮೇಲಿನ ಪೂರ್ವದ ಮುಖ ಎರಡು ಗಂಟೆ ಮೊದಲೇ ಬಿಸಿಲು ಕಂಡಿರುತ್ತೆ. ಕಪ್ಪು ಬಂಡೆಯ ಕೆಳಗಿನ ಹಿಮ ಎಲ್ಲಕ್ಕಿಂತ ಮೊದಲು ಬಿಡುತ್ತೆ. ಮೇಲಿಂದ ನಿಂಬೆಗಾತ್ರದ ಉಂಡೆಗಳು ಉರುಳಿದರೆ ಗಡಿಯಾರ ನೋಡಿ. ಚಾಪೆ ಸುತ್ತಿದ ಹಾಗೆ ಸುತ್ತಿಕೊಂಡು ದಪ್ಪವಾಗುತ್ತಾ ಬಂದರೆ ಗಡಿಯಾರ ಬಿಟ್ಟು ನಡೆಯಿರಿ. ಬೂಟು ಹರಡಿನವರೆಗೆ ಇಳಿದರೆ ಅದೇ ಕೊನೆಯ ಗಂಟೆ, ಮೀನಖಂಡ ಮುಟ್ಟಿದರೆ ತಡವಾಯ್ತು. ಹುಲ್ಲಿನ ಇಳಿಜಾರಿನಲ್ಲಿ ಹಿಮ ಬಾಯಿಬಿಟ್ಟ ಬಿರುಕು ಇದ್ದರೆ ಈ ಲೆಕ್ಕ ಯಾವುದೂ ನಡೆಯಲ್ಲ. ಅದು ನೆಲದ ಮೇಲೆ ಜಾರುವ ಹಿಮ, ನಡುರಾತ್ರಿಯೂ ಬೀಳುತ್ತೆ.

ಖರ್ಚು? ಮೇಲೆ ಒಂದು ರಾತ್ರಿ ಹೆಚ್ಚು ತಂಗಬೇಕು. ಹನ್ನೆರಡು ಜನರ ಗುಂಪಿಗೆ ಅಡುಗೆಯವರು, ಪೋರ್ಟರ್, ಸೀಮೆಎಣ್ಣೆ ಸೇರಿ ಹದಿನಾಲ್ಕು ಹದಿನೈದು ಸಾವಿರ ಬಿದ್ದಿತ್ತು. ಸಲಿಕೆ ಮಾತ್ರ ಅಲ್ಯೂಮಿನಿಯಂದೇ ಕೊಳ್ಳಿ. ಕುಸಿದು ಬಂದ ಒದ್ದೆ ಹಿಮ ನಿಂತ ಕೂಡಲೇ ಕಾಂಕ್ರೀಟಿನಂತೆ ಬಿಗಿಯುತ್ತೆ, ಪ್ಲಾಸ್ಟಿಕ್ ಅಲಗು ಮೊದಲ ಏಟಿಗೇ ಬಾಗುತ್ತೆ. ಮೊಬೈಲನ್ನು ಬೀಕನ್‌ನಿಂದ 20 ಸೆಂಟಿಮೀಟರ್, ಹುಡುಕುವಾಗ 50 ದೂರ ಇಡಿ.

ದಾರಿಯಲ್ಲಿ ಸಿಗುವ ಮೊರೇನ್ (ಹಿಮನದಿ ತಂದು ಬಿಟ್ಟ ಕಲ್ಲುಮಣ್ಣಿನ ದಿಬ್ಬ) ಎಡಗಡೆಯ ಕೊರಕಲನ್ನು ಹೇಗೆ ಓದುತ್ತೇವೆ ಅಂತ ಬಹಳ ಜನ ಕೇಳಿದ್ದಾರೆ. ಅದನ್ನು ಬರೆಯಲ್ಲ. ಏಪ್ರಿಲ್‌ನಲ್ಲಿ ಜೊತೆಗೆ ಬಂದರೆ ತೋರಿಸ್ತೀನಿ, ತಟ್ಟೆ ನಿಮ್ಮದೇ ತನ್ನಿ.