ಹಿತ್ತಲಲ್ಲಿ ತರಕಾರಿ ಬೆಳೀಬೇಕಾ? ಈ ವರ್ಷ ಒಂದೇ ಪಾತಿ ಮಾಡಿ

ಚಳಿ ಬಿಟ್ಟು ಬಿಸಿಲು ಸ್ವಲ್ಪ ಬಲಿಯುತ್ತಿದ್ದ ಹಾಗೆ ಎಲ್ಲರಿಗೂ ಕೈತೋಟದ ಹುಮ್ಮಸ್ಸು ಬಂದುಬಿಡುತ್ತದೆ. ನನಗೂ ಬಂದಿತ್ತು. ಮೊದಲ ವರ್ಷ ಯಜಮಾನರು, ಮಕ್ಕಳು ಎಲ್ಲರನ್ನೂ ಎಳೆದುಕೊಂಡು ಹೋಗಿ ಇಡೀ ಹಿತ್ತಲು ಅಗೆದು, ಕೈಗೆ ಸಿಕ್ಕ ಬೀಜವನ್ನೆಲ್ಲ ಚೆಲ್ಲಿದೆ. ಎರಡು ತಿಂಗಳಿಗೆ ಕಳೆ ಯಾವುದು, ಗಿಡ ಯಾವುದು ಅಂತ ನನಗೇ ಗೊತ್ತಾಗಲಿಲ್ಲ. ಮನೆಯವರು ಒಬ್ಬೊಬ್ಬರಾಗಿ ಜಾರಿಕೊಂಡರು, ಗುದ್ದಲಿ ಹಿಡಿದು ಉಳಿದವಳು ನಾನೊಬ್ಬಳೇ.

ಅದಕ್ಕೇ ಹೇಳೋದು, ಮೊದಲ ಸಲ ಒಂದೇ ಪಾತಿ ಸಾಕು. 8 ಅಡಿ ಉದ್ದ, ಅಗಲ 4 ಅಡಿ ದಾಟಬಾರದು. ಎರಡೂ ಕಡೆಯಿಂದ ಕೈ ಚಾಚಿದರೆ ನಡುಭಾಗ ಎಟುಕಬೇಕು, ಇಲ್ಲದಿದ್ದರೆ ಪಾತಿಯೊಳಗೆ ಕಾಲಿಡುತ್ತೀರಿ, ತುಳಿದ ಮಣ್ಣು ಗಟ್ಟಿಯಾಗಿ ಬೇರು ಇಳಿಯೋದಿಲ್ಲ. ಮಕ್ಕಳಿಗಾದರೆ 3 ಅಡಿ ಅಗಲವೇ ಸರಿ.

ಜಾಗ ಆರಿಸುವ ಮುಂಚೆ ಒಂದಿಡೀ ದಿನ ಬಿಸಿಲನ್ನು ನೋಡಿ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ನೆರಳಿನ ಅಂಚು ಎಲ್ಲಿ ಬೀಳುತ್ತದೋ ಅಲ್ಲಿ ಮಕ್ಕಳ ಕೈಲಿ ಒಂದೊಂದು ಕಲ್ಲು ಇಡಿಸಿ. ಟೊಮೆಟೊ, ಬದನೆ, ಮೆಣಸಿನಕಾಯಿಗೆ ದಿನಕ್ಕೆ 6ರಿಂದ 8 ಗಂಟೆ ಬಿಸಿಲು ಬೇಕೇ ಬೇಕು. ಸೊಪ್ಪು 4 ಗಂಟೆ ಬಿಸಿಲಲ್ಲೂ ಬರುತ್ತದೆ.

ಇನ್ನು ಮಣ್ಣು. ಬೀಜಕ್ಕೆ ದುಡ್ಡು ಸುರಿಯೋರು ಮಣ್ಣನ್ನು ತಿರುಗಿಯೂ ನೋಡೋದಿಲ್ಲ. ಒಂದು ಹಿಡಿ ಮಣ್ಣು ತಗೊಂಡು ಉಂಡೆ ಕಟ್ಟಿ, ಬೆರಳಲ್ಲಿ ಮೆಲ್ಲಗೆ ಒತ್ತಿ. ಪುಡಿಯಾಗಿ ಉದುರಿದರೆ ಹದವಾಗಿದೆ, ಅಗೆಯಬಹುದು. ಅಂಟಂಟಾಗಿ ಹಾಗೇ ನಿಂತರೆ ಇನ್ನೂ ಹಸಿ, ಎರಡು ದಿನ ಕಾಯಿರಿ. ಹಸಿ ಜೇಡಿ ಮಣ್ಣನ್ನು ಅಗೆದರೆ ಒಣಗಿದ ಮೇಲೆ ಇಟ್ಟಿಗೆಯಂಥ ಹೆಂಟೆಗಳಾಗುತ್ತವೆ. ಒಂದು ಗೇಣು ಆಳಕ್ಕೆ ಸಡಿಲ ಮಾಡಿ, ಮೇಲೆ 2 ಇಂಚು ಚೆನ್ನಾಗಿ ಕೊಳೆತ ಗೊಬ್ಬರ ಹರಡಿ ಬೆರೆಸಿ. ಕೊಳೆತದ್ದು ಅಂದರೆ ಕಪ್ಪಗೆ ಪುಡಿಪುಡಿಯಾಗಿ ಮಣ್ಣಿನ ವಾಸನೆ ಬರಬೇಕು. ನಾನೊಮ್ಮೆ ಅವಸರಕ್ಕೆ ಬಿದ್ದು ಹಸಿ ಸಗಣಿ ಹಾಕಿ ಸಸಿಗಳ ಬೇರು ಸುಟ್ಟುಕೊಂಡಿದ್ದೇನೆ.

ಮಕ್ಕಳಿಗೆ ಪಾತಿಯ ಒಂದು ಮೂಲೆ ಪೂರ್ತಿ ಬಿಟ್ಟುಕೊಡಿ, ಅಲ್ಲಿ ನೀವು ಕೈಹಾಕಬೇಡಿ. ಮೂಲಂಗಿ, ಬೀನ್ಸ್ ಕೊಡಿ. ಮೂಲಂಗಿ ನಾಲ್ಕೈದು ದಿನಕ್ಕೆ ಮೊಳೆಯುತ್ತದೆ, ಬೇಗ ಬರುವ ಜಾತಿಯಾದರೆ ತಿಂಗಳೊಳಗೆ ಕೀಳಬಹುದು. ಮಕ್ಕಳ ತಾಳ್ಮೆ ಅಷ್ಟೇ ಅಲ್ವಾ! ನಮ್ಮ ಮನೆಯ ಚಿಕ್ಕವನು ದಿನಾ ಬೆಳಿಗ್ಗೆ ಬೀನ್ಸ್ ಬೀಜ ಕೆದಕಿ ತೆಗೆದು, ಮೊಳೆತಿದೆಯಾ ನೋಡಿ, ಮತ್ತೆ ಹೂತಿಡುತ್ತಿದ್ದ. ಬೈದರೆ ಏನು ಪ್ರಯೋಜನ? ಒಂದು ಗಾಜಿನ ಲೋಟದ ಒಳಗೆ ಒದ್ದೆ ಬಟ್ಟೆ ತುರುಕಿ, ಗಾಜಿಗೂ ಬಟ್ಟೆಗೂ ನಡುವೆ ಒಂದು ಬೀಜ ಸಿಕ್ಕಿಸಿಟ್ಟೆ. ಬೇರು ಕೆಳಗೆ ಇಳಿಯೋದು ಹೊರಗಿನಿಂದಲೇ ಕಾಣಿಸಿತು, ಪಾತಿಯಲ್ಲಿದ್ದ ಬೀಜಗಳು ಬಚಾವಾದವು.

ಬೀಜದ ದಪ್ಪದ ಎರಡು ಮೂರು ಪಟ್ಟು ಆಳ ಸಾಕು, ಜಾಸ್ತಿ ಹೂಳಬೇಡಿ. ಟೊಮೆಟೊ, ಬದನೆ, ಮೆಣಸಿನಕಾಯಿಯನ್ನು ಮಾತ್ರ ಕುಂಡದಲ್ಲಿ ಸಸಿ ಮಾಡಿಕೊಂಡು ನೆಡಬೇಕು. ನೆಡೋದು ಸಂಜೆ ಹೊತ್ತು, ಬಿಸಿಲು ಇಳಿದ ಮೇಲೆ. ಟೊಮೆಟೊ ಸಸಿಯನ್ನು ಕೆಳಗಿನ ಎಲೆ ಚಿವುಟಿ ಕಾಂಡದ ಅರ್ಧದ ತನಕ ಹೂತರೂ ಪರವಾಗಿಲ್ಲ, ಹೂತ ಕಾಂಡದಿಂದಲೂ ಬೇರು ಬಿಟ್ಟು ಗಿಡ ಬಲವಾಗುತ್ತದೆ. ಬೇರೆ ಗಿಡಕ್ಕೆ ಈ ಸಾಹಸ ಬೇಡ.

ನೀರು ಹಾಕೋ ಕೆಲಸಕ್ಕೆ ಎಲ್ಲರೂ ಓಡಿ ಬರುತ್ತಾರೆ, ಗಿಡ ಸಾಯೋದೂ ಅದರಿಂದಲೇ ಜಾಸ್ತಿ. ಮಣ್ಣಿಗೆ ಬೆರಳಿನ ಎರಡು ಗೆಣ್ಣು ಇಳಿಸಿ ನೋಡಿ, ಒಳಗೆ ತಂಪಿದ್ದರೆ ಆ ದಿನ ನೀರು ಬೇಡ. ಹಾಕಿದಾಗ ಬೆಳಿಗ್ಗೆ, ಬುಡಕ್ಕೆ, ಧಾರಾಳವಾಗಿ ಹಾಕಿ. ನಾಲ್ಕು ದಿನ ಮರೆತು ಐದನೇ ದಿನ ಬಕೆಟ್‌ಗಟ್ಟಲೆ ಸುರಿದರೆ ಟೊಮೆಟೊ ಹಣ್ಣಿನ ತಳ ಕಪ್ಪಾಗುತ್ತದೆ. ಸುಮಾರು ಜನ ಅದನ್ನು ರೋಗ ಅಂದುಕೊಂಡು ಔಷಧಿ ಹೊಡೆಯುತ್ತಾರೆ! ಬುಡದ ಸುತ್ತ ಒಣ ತರಗೆಲೆ ಹರಡಿದರೆ ತೇವವೂ ನಿಲ್ಲುತ್ತದೆ, ಕಳೆಯೂ ಕಡಿಮೆ. ಎಲೆಯಡಿ ಸಣ್ಣ ಹೇನು ಮುತ್ತಿದರೆ ಮೊದಲು ನೀರನ್ನು ಜೋರಾಗಿ ಚಿಮ್ಮಿಸಿ ತೊಳೆದು ನೋಡಿ.

ಜಾಗ ಇದ್ದರೆ ಅಂಚಿನಲ್ಲಿ ಒಂದು ಕುಂಬಳ ಬಳ್ಳಿ ಹಬ್ಬಿಸಿ. ಮೊದಲು ಬಿಡುವ ಹೂವೆಲ್ಲ ಉದುರಿಹೋಗುತ್ತದೆ, ಗಾಬರಿ ಬೇಡ, ಅವು ಗಂಡು ಹೂವು. ಹೆಣ್ಣು ಹೂವಿನ ಕೆಳಗೆ ಗೋಲಿಯಷ್ಟು ಪುಟ್ಟ ಕಾಯಿ ಅಂಟಿಕೊಂಡಿರುತ್ತದೆ. ಜೇನ್ನೊಣ ಕಾಣದಿದ್ದರೆ ಬೆಳಿಗ್ಗೆ ಹೂವು ಅರಳಿದ ಕೂಡಲೇ ಮಕ್ಕಳನ್ನು ಎಬ್ಬಿಸಿ. ಒಂದು ಗಂಡು ಹೂವು ಕಿತ್ತು, ಎಸಳು ಬಿಡಿಸಿ, ನಡುವಿನ ಹಳದಿ ಪುಡಿಯನ್ನು ಹೆಣ್ಣು ಹೂವಿನ ಒಳಗೆ ಮೆಲ್ಲಗೆ ಸವರಿಸಿ. ಕೆಲವು ದಿನದಲ್ಲಿ ಆ ಗೋಲಿ ಉಬ್ಬತೊಡಗಿದರೆ ಕಾಯಿ ಕಚ್ಚಿತು ಅಂತ ಲೆಕ್ಕ. ಹಳದಿಯಾಗಿ ಉದುರಿತೋ, ಇನ್ನೊಂದು ಹೂವು ಅರಳುವ ತನಕ ಕಾದು ಮತ್ತೆ ಸವರಿ.